ಪ್ಯಾಲೆಟ್ ಮೇಲಿನ ಗೋಧಿ ತೆನೆ: ಸೀಲು ಬೀಳುವ ಮುಂಚಿನ ಕೆಲಸ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹದಿನಾಲ್ಕು ವರ್ಷದಿಂದ ಪ್ಯಾಲೆಟ್, ಅಂದರೆ ಸರಕು ಇಟ್ಟು ಸಾಗಿಸುವ ಮರದ ಅಡಿಹಲಗೆ, ಮಾಡಿಸುತ್ತಿದ್ದೇನೆ. ಹೊಸದಾಗಿ ಎಕ್ಸ್‌ಪೋರ್ಟ್ ಶುರು ಮಾಡಿದವರು ಬಂದು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅಣ್ಣ, ಆ ಗೋಧಿ ತೆನೆ ಸೀಲು ಹೊಡೆದು ಕೊಡಿ, ಸಂಜೆ ಲೋಡಿಂಗ್ ಇದೆ." ಸೀಲಿಗೆ ಎರಡು ನಿಮಿಷ ಸಾಕು. ಅದಕ್ಕೆ ಮುಂಚಿನ ಕೆಲಸಕ್ಕೆ ಸಮಯ ಬೇಕು.

ಹಸಿ ಮರದೊಳಗೆ ಹುಳು ಇರಬಹುದು. ಅದು ಹಲಗೆಯ ಜೊತೆ ಹಡಗು ಹತ್ತಿ ಬೇರೆ ದೇಶ ಸೇರಿದರೆ ಅಲ್ಲಿನ ಕಾಡಿಗೇ ಕುತ್ತು. ಇದನ್ನು ತಡೆಯಲು 2002ರಲ್ಲಿ ಮರದ ಪ್ಯಾಕಿಂಗಿಗೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಅದರ ಪ್ರಕಾರ ಹುಳು ಸಾಯುವಂತೆ ಸಂಸ್ಕರಿಸಿದ ಮರಕ್ಕೆ ಹಾಕುವ ಗುರುತೇ ಗೋಧಿ ತೆನೆ ಸೀಲು. ಪ್ಲೈವುಡ್‌ಗೂ, 6 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಮರಕ್ಕೂ ಇದು ಅನ್ವಯಿಸುವುದಿಲ್ಲ.

ಮೊದಲು ತೊಗಟೆ ನೋಡಿ. ಕೊಡಗಿನ ಸಿಲ್ವರ್ ಓಕ್ ಹಲಗೆಯ ಅಂಚಿನಲ್ಲಿ ತೊಗಟೆ ಉಳಿದಿರುವುದು ಜಾಸ್ತಿ. 3 ಸೆಂಟಿಮೀಟರಿಗಿಂತ ಕಿರಿದಾದ ಪಟ್ಟಿ ಇದ್ದರೆ ನಡೆಯುತ್ತದೆ. ಅಗಲ ಅದಕ್ಕಿಂತ ಹೆಚ್ಚಿದ್ದರೆ ಒಂದೊಂದು ತುಂಡೂ 50 ಚದರ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ನಾನಂತೂ ಪೂರ್ತಿ ಕೆತ್ತಿಸಿಬಿಡುತ್ತೇನೆ.

ಆಮೇಲೆ ಬಿಸಿ. ಮರದ ನಡುಭಾಗವೂ ಸೇರಿ ಎಲ್ಲ ಕಡೆ 56 ಡಿಗ್ರಿ ಸೆಲ್ಸಿಯಸ್ ತಲುಪಬೇಕು, ಒಂದೇ ಸಮನೆ 30 ನಿಮಿಷ ಹಾಗೇ ನಿಲ್ಲಬೇಕು. ಬಿಸಿ ಕೊಡುವ ಚೇಂಬರಿನ ಗಾಳಿ ಎಷ್ಟು ಬಿಸಿಯಾಗಿದೆ ಅನ್ನುವುದು ಲೆಕ್ಕಕ್ಕಿಲ್ಲ. ಎಲ್ಲಕ್ಕಿಂತ ದಪ್ಪ ಮರದ ತುಂಡಿಗೆ ಸಣ್ಣ ತೂತು ಕೊರೆದು, ಬಿಸಿ ಅಳೆಯುವ ಸೆನ್ಸರನ್ನು ನಡುವಿನವರೆಗೆ ತಳ್ಳಿ, ಬಿಸಿಗಾಳಿ ನುಗ್ಗದಂತೆ ತೂತಿನ ಬಾಯಿ ಮುಚ್ಚಬೇಕು. ಮಳೆಗಾಲದ ಹಸಿ ಮರ ಬಿಸಿಯಾಗಲು ಬೇಸಿಗೆಗಿಂತ ಎಷ್ಟೋ ಹೊತ್ತು ಹೆಚ್ಚು ಬೇಕು. ಇಪ್ಪತ್ತನೇ ನಿಮಿಷದಲ್ಲಿ ಕರೆಂಟು ಹೋಗಿ ಬಿಸಿ 56ಕ್ಕಿಂತ ಇಳಿಯಿತೋ, ಮತ್ತೆ ಸೊನ್ನೆಯಿಂದ ಎಣಿಸಬೇಕು. "ಇನ್ನು ಹತ್ತೇ ನಿಮಿಷ ಅಲ್ವಾ" ಎಂದು ಕೂಡಿಸುವ ಹಾಗಿಲ್ಲ. ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಡುವ ದಾರಿಯೂ ಇದೆ. ಅದು ಓಝೋನ್ ಪದರಕ್ಕೆ ಕೆಟ್ಟದ್ದು, ನನಗೆ ಬೇಡ.

ಈಗ ಸೀಲು. ಚೌಕಟ್ಟಿನೊಳಗೆ ಎಡಕ್ಕೆ ಗೋಧಿ ತೆನೆಯ ಚಿಹ್ನೆ, ಬಲಕ್ಕೆ ದೇಶದ ಗುರುತು 'ಐಎನ್', ಘಟಕದ ಸಂಖ್ಯೆ, ಬಿಸಿ ಕೊಟ್ಟಿದ್ದಕ್ಕೆ 'ಎಚ್‌ಟಿ'. ಇವನ್ನು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ. ಕಂಪನಿ ಹೆಸರು, ಫೋನ್ ನಂಬರು ಚೌಕಟ್ಟಿನೊಳಗೆ ಬರಬಾರದು. ಕೈಯಲ್ಲಿ ಬರೆಯುವಂತಿಲ್ಲ. ಎದುರುಬದುರು ಎರಡು ಬದಿಯಲ್ಲಿ ಕಾಣುವಂತಿರಲಿ. ಕೆಂಪು, ಕಿತ್ತಳೆ ಬಣ್ಣ ಬೇಡ, ಅವು ಅಪಾಯಕಾರಿ ಸರಕಿನ ಲೇಬಲ್ಲಿನ ಬಣ್ಣಗಳು. ನಾವು ಕಾಯಿಸಿದ ಅಚ್ಚಿನಿಂದ ಸುಟ್ಟು ಒತ್ತುತ್ತೇವೆ. ಮಳೆ ಬಿದ್ದರೂ ಅಳಿಸುವುದಿಲ್ಲ.

ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ನಿರ್ದೇಶನಾಲಯದಿಂದ ಮಾನ್ಯತೆ ಪಡೆದ ಘಟಕ ಮಾತ್ರ ಈ ಸೀಲು ಹಾಕಬಹುದು. ನಿಮ್ಮಲ್ಲಿ ಬರೀ ಬಡಗಿ ಕೆಲಸ ಇದ್ದರೆ ಪ್ಯಾಲೆಟ್ಟನ್ನು ಅಂಥ ಘಟಕಕ್ಕೆ ಕಳಿಸಿ ಬಿಸಿ ಕೊಡಿಸಿ. ಸೀಲಿನ ಅಚ್ಚು ಸಾಲ ಕೇಳಬೇಡಿ. ಕೇಳಿದರೆ ನಾನು ಕೊಡುವುದಿಲ್ಲ. ಅದರಲ್ಲಿರುವ ಘಟಕದ ಸಂಖ್ಯೆ ನನ್ನದು, ನಾನು ಕಣ್ಣಾರೆ ನೋಡದ ಮರಕ್ಕೆ ಹೇಗೆ ಜವಾಬ್ದಾರನಾಗಲಿ?

ಹಳೇ ಪ್ಯಾಲೆಟ್ಟಿನ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮುರಿದ ಒಂದು ಹಲಗೆ ತೆಗೆದು ನಮ್ಮ ಹುಡುಗರು ಬಿಸಿ ಕೊಡದ ಹೊಸ ಹಲಗೆ ಹೊಡೆದಿದ್ದರು. ಹಳೇ ಸೀಲು ಹಾಗೇ ಇತ್ತು, ನಾನೂ ಗಮನಿಸಲಿಲ್ಲ. ಹೊರದೇಶದ ಬಂದರಿನಲ್ಲಿ ಕಂಟೇನರ್ ನಿಂತುಬಿಟ್ಟಿತು. ಗ್ರಾಹಕರ ಮುಂದೆ ತಲೆ ಎತ್ತಲಾಗಲಿಲ್ಲ. ಹಾಗಾಗಿ ರಿಪೇರಿಗೆ ಬಿಸಿ ಕೊಟ್ಟ ಮರವನ್ನೇ ಹಾಕಿ, ಹೊಸ ತುಂಡಿಗೆಲ್ಲ ಬೇರೆಯಾಗಿ ಸೀಲು ಹಾಕಿಸಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬದಲಾಯಿಸಿದರೆ ಹಳೇ ಸೀಲೆಲ್ಲ ಅಳಿಸಿ, ಇಡೀ ಪ್ಯಾಲೆಟ್ಟಿಗೆ ಮತ್ತೆ ಬಿಸಿ, ಮತ್ತೆ ಸೀಲು. ಏನೂ ಬದಲಾಯಿಸದ ಪ್ಯಾಲೆಟ್ಟನ್ನು ಹಾಗೇ ಮತ್ತೆ ಬಳಸಬಹುದು.

ಘಟಕದವರಿಂದ ತಾಪಮಾನದ ಚಾರ್ಟ್ ಮತ್ತು ಸರ್ಟಿಫಿಕೇಟ್ ಕೇಳಿ ಪಡೆಯಿರಿ. ದಿನಾಂಕ, ಪ್ಯಾಲೆಟ್ ಎಣಿಕೆ ತಾಳೆ ನೋಡಿ. ಕಂಟೇನರ್ ಬಾಗಿಲು ಮುಚ್ಚುವ ಮುಂಚೆ ಎರಡೂ ಬದಿಯ ಸೀಲಿನ ಫೋಟೋ ಮೊಬೈಲಿನಲ್ಲಿ ತೆಗೆದಿಡಿ.