ಮಲೇಷ್ಯಾದ ಮರ, ಇಂಡೋನೇಷ್ಯಾದ ಕಾಗದ: ಸುಂಕದ ರಿಯಾಯಿತಿ ಪಡೆಯುವುದು ಹೇಗೆ?

ಭಾರತ ಮತ್ತು ಆಸಿಯಾನ್ (ಮಲೇಷ್ಯಾ, ಇಂಡೋನೇಷ್ಯಾ ಸೇರಿದ ಆಗ್ನೇಯ ಏಷ್ಯಾದ ಕೂಟ) ದೇಶಗಳ ಸರಕು ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ರಿಯಾಯಿತಿ ತಾನಾಗಿ ಸಿಗುವುದಿಲ್ಲ, ನಾವೇ ಕೇಳಿ ಪಡೆಯಬೇಕು.

ಮೊದಲು ಎಚ್‌ಎಸ್ ಕೋಡ್, ಅಂದರೆ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ನೋಡಿ. ದಿಮ್ಮಿ 4403, ಕೊಯ್ದ ಹಲಗೆ 4407, ಬರೆಯುವ ಮತ್ತು ಮುದ್ರಿಸುವ ಕಾಗದ 4802. ಆಮೇಲೆ ಆ ಕೋಡಿಗೆ ಒಪ್ಪಂದದ ದರ ಎಷ್ಟು, ಮಾಮೂಲಿ ದರ ಎಷ್ಟು ಅಂತ ಹೋಲಿಸಿ. ಕಡಿಮೆಯಾಗುವುದು ಮೂಲ ಸುಂಕ ಮಾತ್ರ, ಆಮದಿನ ಮೇಲಿನ ಜಿಎಸ್‌ಟಿ (ಐಜಿಎಸ್‌ಟಿ) ಕಟ್ಟಲೇಬೇಕು.

ನಿಜವಾದ ಕೆಲಸ ಇರುವುದು ಮೂಲ ದೇಶದ ಪ್ರಮಾಣಪತ್ರದಲ್ಲಿ, ಅಂದರೆ ಫಾರ್ಮ್ ಎಐನಲ್ಲಿ. ಮಲೇಷ್ಯಾದಲ್ಲೇ ಬೆಳೆದು ಅಲ್ಲೇ ಕಡಿದ ದಿಮ್ಮಿಗೆ ಇದು ಸುಲಭ. ಕಾಗದ ಹಾಗಲ್ಲ, ಯಾಕಂದ್ರೆ ಅದನ್ನು ಮಾಡುವ ಮರದ ತಿರುಳು ಬೇರೆ ಖಂಡದಿಂದ ಬಂದಿರಬಹುದು, ಆಗ ಸಾಮಾನ್ಯ ನಿಯಮದಂತೆ ಕನಿಷ್ಠ ಶೇ. 35ರಷ್ಟು ಮೌಲ್ಯ ಆಸಿಯಾನ್ ಅಥವಾ ಭಾರತದ್ದೇ ಇರಬೇಕು, ಜೊತೆಗೆ ಹೊರಗಿನ ಕಚ್ಚಾವಸ್ತುವಿನ ಆರಂಕಿಯ ಎಚ್‌ಎಸ್ ಕೋಡ್ ಕಾಗದವಾದಾಗ ಬದಲಾಗಿರಬೇಕು. ಆರ್ಡರ್ ಕೊಡುವ ಮೊದಲೇ ಮಿಲ್‌ನವರಿಂದ ಈ ಲೆಕ್ಕ ಬರೆಸಿಕೊಳ್ಳಿ. ಸರಕು ಬಂದರಿಗೆ ಬಂದ ಮೇಲೆ ಕೇಳಿದರೆ ಯಾರೂ ಬೇಗ ಉತ್ತರ ಕೊಡುವುದಿಲ್ಲ, ಇತ್ತ ಬಾಡಿಗೆ ಏರುತ್ತಲೇ ಇರುತ್ತದೆ!

2020ರ ಸೆಪ್ಟೆಂಬರ್ 21ರಿಂದ ಕರೋಟಾರ್ ಅನ್ನುವ ಭಾರತದ ಕಸ್ಟಮ್ಸ್ ನಿಯಮ ಬಂದಿದೆ. ಪ್ರಮಾಣಪತ್ರ ಇದ್ದರಷ್ಟೇ ಸಾಲದು, ಸರಕು ಹೇಗೆ ತಯಾರಾಯಿತು ಅನ್ನುವ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು, ಕನಿಷ್ಠ 5 ವರ್ಷ ಜೋಪಾನ ಮಾಡಬೇಕು. ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ ರಿಯಾಯಿತಿ ಕೋರಿಕೆ ಮತ್ತು ಪ್ರಮಾಣಪತ್ರದ ಸಂಖ್ಯೆ ನಮೂದಿಸುವುದನ್ನು ಮರೆಯಬೇಡಿ.

ಒಂದು ಸಲ ನನ್ನ ಪ್ರಮಾಣಪತ್ರದಲ್ಲಿ 4407, ಇನ್‌ವಾಯ್ಸ್‌ನಲ್ಲಿ 4403 ಅಂತಿತ್ತು. ಅಷ್ಟಕ್ಕೇ ಪೂರ್ತಿ ಸುಂಕ ಕಟ್ಟಿದೆ. ಅದಕ್ಕೇ ಹಡಗು ಹೊರಡುವ ಮೊದಲೇ ಪ್ರಮಾಣಪತ್ರ, ಇನ್‌ವಾಯ್ಸ್‌ಗಳ ಕರಡು ಪ್ರತಿ ತರಿಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.