ಕೋಳಿ ಅಂಗಡಿಯಿಂದ ಒಲೆಯವರೆಗೆ: ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಡುಗೆಮನೆಯಲ್ಲಿ ಹರಡದಂತೆ ತಡೆಯುವುದು ಹೇಗೆ?

ಕಣ್ಣೆದುರಿಗೇ ಕೊಯ್ದು ಕೊಟ್ಟ ಕೋಳಿ ತಾಜಾ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತಾಜಾ ಮಾಂಸವೆಲ್ಲ ಶುದ್ಧ ಎಂದುಕೊಂಡರೆ ಮೋಸ ಹೋದಂತೆ. ಗೂಡಿನಲ್ಲಿ ಆರೋಗ್ಯವಾಗಿಯೇ ಕಾಣುವ ಕೋಳಿಯ ಕರುಳಿನಲ್ಲೂ ಹೊಟ್ಟೆ ಕೆಡಿಸಬಲ್ಲ ಇ. ಕೊಲೈ, ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇರಬಹುದು. ಫಾರಂಗಳಲ್ಲಿ ನಾಲ್ಕು ಕೋಳಿಗೆ ಕಾಯಿಲೆ ಕಂಡರೆ ಇಡೀ ಶೆಡ್ಡಿನ ಕುಡಿಯುವ ನೀರಿಗೆ ಎನ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಔಷಧ ಬೆರೆಸುವುದು ರೂಢಿ. ಆಗ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಎನ್ರೋಫ್ಲಾಕ್ಸಸಿನ್ ಮತ್ತು ನಮಗೆ ವೈದ್ಯರು ಬರೆಯುವ ಸಿಪ್ರೋಫ್ಲಾಕ್ಸಸಿನ್ ಒಂದೇ ಗುಂಪಿನ ಔಷಧಗಳು. ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗುವುದಿಲ್ಲ. ಇದೇ ಕಾರಣಕ್ಕೆ ಅಮೆರಿಕ 2005ರಲ್ಲೇ ಕೋಳಿಗಳಿಗೆ ಎನ್ರೋಫ್ಲಾಕ್ಸಸಿನ್ ಕೊಡುವುದನ್ನು ನಿಲ್ಲಿಸಿತು. ಬೇರೆ ಔಷಧಗಳೆಲ್ಲ ಸೋತಾಗ ಐಸಿಯುನಲ್ಲಿ ಕೊಡುವ ಕೊಲಿಸ್ಟಿನ್ ಅನ್ನು ಸಾಕುಪ್ರಾಣಿಗಳ ಮೇವಿಗೆ ಬಳಸದಂತೆ ಭಾರತ 2019ರ ಜುಲೈನಲ್ಲಿ ನಿಷೇಧ ಹೇರಿತು.

ಒಂದು ಸಮಾಧಾನವಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬಿಸಿಗೆ ಬಗ್ಗುತ್ತವೆ. ಕುದಿಯುವ ಸಾರಿನಲ್ಲಿ ಅವುಗಳ ಆಟ ನಡೆಯುವುದಿಲ್ಲ. ಅಪಾಯವಿರುವುದು ಕೋಳಿ ಮನೆಗೆ ಬಂದ ಮೇಲಿನ, ಪಾತ್ರೆ ಒಲೆಗೇರುವ ಮೊದಲಿನ ಅರ್ಧ ಗಂಟೆಯಲ್ಲಿ. ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದೂ ಅಲ್ಲೇ.

1. ಮಸಾಲೆ ಮೊದಲು, ಕೋಳಿ ಆಮೇಲೆ

ಅಂಗಡಿಗೆ ಹೊರಡುವ ಮುಂಚೆಯೇ ಈರುಳ್ಳಿ, ಕೊತ್ತಂಬರಿ, ನಿಂಬೆಹಣ್ಣು ಹೆಚ್ಚಿ ಮುಚ್ಚಿಡಿ. ಮಸಾಲೆ ರುಬ್ಬಿಕೊಳ್ಳಿ. ಕೋಳಿಗೆ ಬೇಕಾದ ಉಪ್ಪು, ಅರಿಶಿನ, ಖಾರದಪುಡಿಯನ್ನು ಒಂದು ಬಟ್ಟಲಿಗೆ ಹಾಕಿಡಿ. ಮಾಂಸ ಮುಟ್ಟಿದ ಕೈ ಮಸಾಲೆ ಡಬ್ಬಿಗೆ ಹೋಗಬಾರದು. ಸಿಂಕ್ ಮತ್ತು ಅದರ ಅಕ್ಕಪಕ್ಕದಲ್ಲಿ ತೊಳೆದಿಟ್ಟ ಲೋಟ, ತಟ್ಟೆಗಳಿದ್ದರೆ ಎತ್ತಿ ದೂರ ಇಡಿ. ಈ ಹಂತಕ್ಕೆ ಹತ್ತೇ ನಿಮಿಷ ಸಾಕು, ಮುಂದಿನ ಅರ್ಧ ತೊಂದರೆ ಇಲ್ಲಿಯೇ ತಪ್ಪುತ್ತದೆ.

2. ಅಂಗಡಿಯಲ್ಲಿ

ಗರಿ ಕೆದರಿಕೊಂಡು ತೂಕಡಿಸುವ, ಬಾಲದ ಕೆಳಗೆ ಹಿಕ್ಕೆ ಅಂಟಿದ ಕೋಳಿ ಬೇಡ. ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲ ಉಬ್ಬಿರುವ ಕೋಳಿಯೂ ಬೇಡ. ಹೊಟ್ಟೆ ತುಂಬಿದ ಕೋಳಿಯನ್ನು ಕೊಯ್ಯುವಾಗ ಕರುಳು ಒಡೆದು ಹಿಕ್ಕೆ ಮಾಂಸಕ್ಕೆ ತಾಗುವ ಸಂಭವ ಹೆಚ್ಚು. ಜೊತೆಗೆ ಮೇವಿನ ತೂಕಕ್ಕೂ ನೀವು ದುಡ್ಡು ಕೊಡುತ್ತೀರಿ. ಕೋಳಿಯನ್ನು ನೀವು ಮುಟ್ಟಬೇಡಿ, ಮಕ್ಕಳನ್ನು ಗೂಡಿನ ಹತ್ತಿರ ಬಿಡಬೇಡಿ.

‘ವಿತ್ ಸ್ಕಿನ್ನಾ, ಸ್ಕಿನ್ ಔಟಾ?’ ಎಂದು ಕೇಳಿದಾಗ ಸ್ಕಿನ್ ಔಟ್ ಎನ್ನಿ. ರುಚಿ ಚರ್ಮದಲ್ಲಿದೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ಚರ್ಮ ಉಳಿಸಿಕೊಳ್ಳಬೇಕಾದರೆ ಕೋಳಿಯನ್ನು ಬಿಸಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಆಮೇಲೆ ರಬ್ಬರ್ ಬೆರಳುಗಳಿರುವ ಯಂತ್ರದಲ್ಲಿ ತಿರುಗಿಸಿ ಪುಕ್ಕ ತೆಗೆಯಬೇಕು. ಡ್ರಮ್ಮಿನ ನೀರು ಕುದಿಯುವ ನೀರಲ್ಲ, ಪುಕ್ಕ ಸಡಿಲವಾಗುವಷ್ಟೇ ಬಿಸಿ. ಅದೇ ನೀರಿನಲ್ಲಿ ಬೆಳಿಗ್ಗೆಯಿಂದ ಹಿಕ್ಕೆ ಮೆತ್ತಿದ ಎಷ್ಟು ಕೋಳಿ ಮುಳುಗಿವೆಯೋ, ಅಷ್ಟರ ಬ್ಯಾಕ್ಟೀರಿಯಾ ನಿಮ್ಮ ಕೋಳಿಯ ಚರ್ಮಕ್ಕೂ ಬರಬಹುದು. ಹೊಸತೊಡಕಿನಂಥ ದಿನ ಸರತಿ ಸಾಲು ಬೆಳೆದಾಗ ನೀರು ಬದಲಿಸಲು, ಮರದ ಕೊರಡನ್ನು ಉಜ್ಜಿ ತೊಳೆಯಲು ಅಂಗಡಿಯವರಿಗೆ ಪುರುಸೊತ್ತಿರುವುದಿಲ್ಲ. ಅಂಥ ದಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ನಾಟಿಕೋಳಿಯಾದರೆ ಇದ್ಯಾವುದೂ ಬೇಡ ಎಂದುಕೊಳ್ಳಬೇಡಿ. ಅದರ ಕರುಳಿನಲ್ಲೂ ಬ್ಯಾಕ್ಟೀರಿಯಾ ಇರುತ್ತವೆ. ‘ಆಂಟಿಬಯಾಟಿಕ್ ಫ್ರೀ’ ಎಂಬ ಲೇಬಲ್ ಇರುವ ಪ್ಯಾಕೆಟ್ಟಿಗೂ ಇದೇ ಮಾತು: ಲೇಬಲ್ ಹೇಳುವುದು ಔಷಧದ ವಿಚಾರ, ಬ್ಯಾಕ್ಟೀರಿಯಾ ಇಲ್ಲವೆಂದಲ್ಲ. ಸಣ್ಣ ತುಂಡು ಅಂಗಡಿಯಲ್ಲೇ ಮಾಡಿಸಿ. ಎರಡು ಕವರ್ ಹಾಕಿಸಿ, ತರಕಾರಿ ಚೀಲಕ್ಕೆ ಸೇರಿಸದೆ ಬೇರೆಯಾಗಿ ತನ್ನಿ.

3. ತೊಳೆಯುವುದು, ಅಥವಾ ತೊಳೆಯದಿರುವುದು

ನಲ್ಲಿಯ ಕೆಳಗೆ ಕೋಳಿ ಹಿಡಿದು ತೊಳೆಯುವುದು ಇಡೀ ಕೆಲಸದಲ್ಲಿ ಅತಿ ದೊಡ್ಡ ತಪ್ಪು. ಮೆತ್ತನೆಯ ಮಾಂಸದ ಮೇಲೆ ಬಿದ್ದ ನೀರು ಕಣ್ಣಿಗೆ ಕಾಣದ ಹನಿಗಳಾಗಿ ಸಿಡಿದು ಪಕ್ಕದ ಲೋಟಕ್ಕೂ, ಕೊತ್ತಂಬರಿ ಕಟ್ಟಿಗೂ, ನಿಮ್ಮ ಬಟ್ಟೆಗೂ ತಾಗುತ್ತದೆ. ನಲ್ಲಿ ಎತ್ತರದಲ್ಲಿದ್ದಷ್ಟೂ ಸಿಡಿತ ಜಾಸ್ತಿ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿ ತೊಳೆದವರಲ್ಲಿ ಶೇ 60ರಷ್ಟು ಮಂದಿಯ ಸಿಂಕ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದವು. ಸಿಂಕ್ ಉಜ್ಜಿದ ಮೇಲೂ ಶೇ 14ರಷ್ಟು ಮಂದಿಯ ಸಿಂಕ್‌ನಲ್ಲಿ ಅವು ಉಳಿದಿದ್ದವು. ಶೇ 26ರಷ್ಟು ಮಂದಿ ಅದೇ ಬ್ಯಾಕ್ಟೀರಿಯಾವನ್ನು ಹಸಿ ಸಲಾಡ್‌ಗೂ ದಾಟಿಸಿದ್ದರು.

ಸ್ಕಿನ್ ಔಟ್ ಕೋಳಿಯಾದರೆ ತೊಳೆಯಲೇಬೇಡಿ. ಅಂಟಿದ ಪುಕ್ಕ, ಎಲುಬಿನ ಚೂರು, ಹೆಪ್ಪುಗಟ್ಟಿದ ರಕ್ತವನ್ನು ಟಿಶ್ಯೂ ಕಾಗದದಿಂದ ಒರೆಸಿ ತೆಗೆದು, ಮಾಂಸವನ್ನು ನೇರ ಪಾತ್ರೆಗೆ ಹಾಕಿ. ತೊಳೆಯದೆ ಮನಸ್ಸು ಒಪ್ಪದು ಎನ್ನುವವರು ಹೀಗೆ ಮಾಡಿ:

ಆಳವಾದ ಪಾತ್ರೆಯೊಂದನ್ನು ಸಿಂಕ್ ಒಳಗೆ ಇಟ್ಟು ಅರ್ಧದಷ್ಟು ನೀರು ತುಂಬಿ, ನಲ್ಲಿ ನಿಲ್ಲಿಸಿ. ಮೊದಲು ನೀರು, ಆಮೇಲೆ ಮಾಂಸ. ಈ ಕ್ರಮ ತಿರುವುಮುರುವಾಗಬಾರದು. ಕವರಿನ ಬಾಯನ್ನು ನೀರಿನ ಹತ್ತಿರ ತಂದು ತುಂಡುಗಳನ್ನು ಜಾರಿಸಿ, ಎತ್ತರದಿಂದ ಸುರಿಯಬೇಡಿ. ಖಾಲಿ ಕವರನ್ನು ಕಟ್ಟೆಯ ಮೇಲಿಡದೆ ನೇರ ಕಸದ ಬುಟ್ಟಿಗೆ ಹಾಕಿ. ಕೈಯನ್ನು ನೀರಿನೊಳಗೇ ಇಟ್ಟು ಮೆಲ್ಲಗೆ ಆಡಿಸಿ. ನೀರು ಚೆಲ್ಲುವಾಗ ಪಾತ್ರೆಯ ಅಂಚನ್ನು ಸಿಂಕ್ ತಳಕ್ಕೆ ತಾಗಿಸಿ, ತೂತಿನ ಪಕ್ಕದಲ್ಲೇ ನಿಧಾನ ಬಗ್ಗಿಸಿ. ಇನ್ನೊಮ್ಮೆ ನೀರು ಬೇಕೆಂದರೆ ಬೇರೆ ಚೊಂಬಿನಲ್ಲಿ ಮೊದಲೇ ಹಿಡಿದಿಟ್ಟಿರಿ, ಇಲ್ಲವೇ ಮನೆಯ ಇನ್ನೊಬ್ಬರಿಗೆ ನಲ್ಲಿ ತಿರುಗಿಸಲು ಹೇಳಿ. ಎರಡು ನೀರು ಸಾಕು. ನೀರು ತಿಳಿಯಾಯಿತೆಂದರೆ ರಕ್ತ ಹೋಯಿತೆಂದಷ್ಟೇ ಅರ್ಥ, ಬ್ಯಾಕ್ಟೀರಿಯಾ ಹೋದವೆಂದಲ್ಲ.

ಅರಿಶಿನ, ಉಪ್ಪು, ನಿಂಬೆರಸ, ವಿನೆಗರ್, ಮೊಸರು ವಾಸನೆ ಕಡಿಮೆ ಮಾಡುತ್ತವೆ, ಮಾಂಸವನ್ನು ಮೆದುವಾಗಿಸುತ್ತವೆ. ಬ್ಯಾಕ್ಟೀರಿಯಾ ಕೊಲ್ಲಲು ಅವನ್ನು ನಂಬಬೇಡಿ. ತರಕಾರಿ ತೊಳೆಯುವ ದ್ರವ, ಪಾತ್ರೆ ಸೋಪುಗಳನ್ನಂತೂ ಮಾಂಸಕ್ಕೆ ಹಾಕಲೇಬಾರದು.

4. ಕೈ, ನಲ್ಲಿ, ಈಳಿಗೆ ಮಣೆ

ಮಾಂಸ ಒಲೆಗೇರಿದ ತಕ್ಷಣ ಕೈಗೆ ಸಾಮಾನ್ಯ ಸೋಪು ಹಚ್ಚಿ, ಬೆರಳ ಸಂದು ಮತ್ತು ಉಗುರಿನ ಕೆಳಗೆ 20 ಸೆಕೆಂಡ್ ಉಜ್ಜಿ. ನಲ್ಲಿಯ ಹಿಡಿಗೂ ಅದೇ ನೊರೆ ಹಚ್ಚಿ. ಎಲ್ಲರೂ ಮರೆಯುವುದು ಅದನ್ನೇ. ಕೊಳೆ ಕೈಯಿಂದ ತಿರುಗಿಸಿದ ಹಿಡಿಯನ್ನೇ ತೊಳೆದ ಕೈಯಿಂದ ಮತ್ತೆ ಮುಟ್ಟಿದರೆ ತೊಳೆದದ್ದು ವ್ಯರ್ಥ. ಜಿಡ್ಡು ಹತ್ತಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ‘ಆಂಟಿಬ್ಯಾಕ್ಟೀರಿಯಲ್’ ಎಂದು ಬರೆದ ದುಬಾರಿ ಸೋಪಿಗೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ. ಕೋಳಿ ಕೆಲಸ ಮುಗಿಯುವವರೆಗೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಈಳಿಗೆ ಮಣೆಯಲ್ಲಿ ಮಾಂಸ ಹೆಚ್ಚುವ ಮನೆಗಳಲ್ಲಿ ತರಕಾರಿಗೆ ಬೇರೆಯದೇ ಈಳಿಗೆ ಇರಬೇಕು. ಅಲಗು ಮರಕ್ಕೆ ಸೇರುವ ಸಂದಿನಲ್ಲಿ ಮಾಂಸದ ರಸ ಇಳಿದು ಕೂರುತ್ತದೆ, ಎಷ್ಟು ಉಜ್ಜಿದರೂ ಪೂರ್ತಿ ಬರುವುದಿಲ್ಲ. ಗೀರು ಬಿದ್ದ ಚಾಪಿಂಗ್ ಬೋರ್ಡ್ ಕೂಡ ಹಾಗೆಯೇ.

ಸಿಂಕ್ ಮತ್ತು ಕಟ್ಟೆಯನ್ನು ಮೊದಲು ಸೋಪು ಹಾಕಿ ಉಜ್ಜಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚದಷ್ಟು, ಸುವಾಸನೆ ಬೆರೆಸದ, ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ ಬೆರೆಸಿ ಸವರಿ, ಐದು ನಿಮಿಷ ಹಸಿಯಾಗಿಯೇ ಬಿಟ್ಟು ತೊಳೆಯಿರಿ. ಸೋಪು ಹಾಕದೆ ನೇರ ಬ್ಲೀಚ್ ಸುರಿದರೆ ಜಿಡ್ಡು, ರಕ್ತವೇ ಅದರ ಶಕ್ತಿಯನ್ನು ನುಂಗಿಬಿಡುತ್ತವೆ. ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಎಚ್ಚರ. ಕೋಳಿ ಪಾತ್ರೆ ಉಜ್ಜಿದ ಸ್ಪಾಂಜನ್ನು ಲೋಟಗಳಿಗೆ ಬಳಸಬೇಡಿ. ತೆಂಗಿನ ನಾರಿನಿಂದ ಉಜ್ಜಿ ಎಸೆಯುವುದು ಎಲ್ಲಕ್ಕಿಂತ ಒಳ್ಳೆಯದು.

5. ಬೇಯಿಸುವುದು

ಸಾರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ, ಚೆನ್ನಾಗಿ ಕುದಿಸಿ. ತೊಂದರೆ ಇರುವುದು ಕಬಾಬ್ ಮತ್ತು ಕೆಂಡದ ಮೇಲೆ ಸುಡುವ ಅಡುಗೆಯಲ್ಲಿ. ಕಬಾಬಿನ ಕೆಂಪು ಬಣ್ಣ ಒಳಗಿನ ಹಸಿಯನ್ನು ಮುಚ್ಚಿಡುತ್ತದೆ. ಇನ್ನೊಂದೆಡೆ ಎಳೆಯ ಬ್ರಾಯ್ಲರ್ ಕೋಳಿಯ ಮಾಂಸ ಪೂರ್ತಿ ಬೆಂದ ಮೇಲೂ ಎಲುಬಿನ ಹತ್ತಿರ ಕೆಂಪಾಗಿ ಕಾಣಬಹುದು. ಹಾಗಾಗಿ ಬಣ್ಣ ನೋಡಿ ತೀರ್ಮಾನಿಸಬೇಡಿ. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಕೊಂಡುಕೊಳ್ಳಿ. ಅದರ ತುದಿ ಎಲುಬಿಗೆ ತಾಗದಂತೆ ಅತಿ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಲೆಗ್ ಪೀಸಿಗೆ ಎಲುಬಿನವರೆಗೆ ಎರಡು ಮೂರು ಗೀರು ಹಾಕಿ. ಫ್ರೀಜರ್‌ನಿಂದ ತೆಗೆದ ಮಾಂಸ ನಡುವೆ ಗಟ್ಟಿಯಾಗಿರುವಾಗಲೇ ಎಣ್ಣೆಗೆ ಬಿಡಬೇಡಿ. ಹೊರಗೆ ಕಪ್ಪಾದರೂ ಒಳಗೆ ಬೆಂದಿರುವುದಿಲ್ಲ. ಲಿವರ್ ಕೂಡ ಒಳಗಿನವರೆಗೆ ಬೇಯಲೇಬೇಕು.

ಕಬಾಬ್ ಕರಿಯುವಾಗ ಇನ್ನೊಂದು ತಪ್ಪು ಯಾವಾಗಲೂ ನಡೆಯುತ್ತದೆ. ಹಿಟ್ಟು ಮೆತ್ತಿದ ಹಸಿ ತುಂಡನ್ನು ಎಣ್ಣೆಗೆ ಬಿಟ್ಟ ಬೆರಳುಗಳೇ, ಬೆಂದಿದೆಯೇ ಎಂದು ನೋಡಲು ಮೊದಲ ಕಬಾಬನ್ನು ಮುರಿದು ಬಾಯಿಗೆ ಹಾಕುತ್ತವೆ. ಹಸಿ ತುಂಡಿಗೆ ಒಂದು ಇಕ್ಕಳ, ಬೆಂದದ್ದಕ್ಕೆ ಇನ್ನೊಂದು ಜಾಲರಿ ಸೌಟು ಇಟ್ಟುಕೊಳ್ಳಿ. ಮಸಾಲೆ ಕಲಸಿದ ತಟ್ಟೆಯಲ್ಲಿ ಬೆಂದ ಕಬಾಬ್ ಇಡಬೇಡಿ.

6. ಉಳಿದದ್ದು

ಹಸಿ ಮಾಂಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ, ಕಡು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

7. ಹೊಟ್ಟೆ ಕೆಟ್ಟರೆ

ಭೇದಿ ಶುರುವಾದರೆ ಮೊದಲು ಓಆರ್‌ಎಸ್. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು, ಸಣ್ಣದಾದರೆ ಅದರ ಮೇಲೆ ಬರೆದಷ್ಟು ನೀರು. ಕಳೆದ ಬಾರಿ ಉಳಿದ ಆಂಟಿಬಯಾಟಿಕ್ ಮಾತ್ರೆ ನುಂಗಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಔಷಧಕ್ಕೆ ಬಗ್ಗದವುಗಳಿಗೆ ಜಾಗ ಖಾಲಿಯಾಗುತ್ತದೆ. ಅವು ಯಾವ ಲಕ್ಷಣವನ್ನೂ ತೋರದೆ ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿದು, ಔಷಧಕ್ಕೆ ಬಗ್ಗದಂತೆ ಮಾಡುವ ಜೀನನ್ನು ಬೇರೆ ಬ್ಯಾಕ್ಟೀರಿಯಾಗೂ ದಾಟಿಸಬಲ್ಲವು.

ಮಲದಲ್ಲಿ ರಕ್ತ, ಇಳಿಯದ ಜ್ವರ ಕಂಡರೆ ಆಸ್ಪತ್ರೆಗೆ ಹೋಗಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರಾದರೆ ಕಾಯಬೇಡಿ. ಕರುಳಿನ ಬ್ಯಾಕ್ಟೀರಿಯಾ ಮೂತ್ರನಾಳಕ್ಕೂ ಸೇರಬಹುದು. ಉರಿಮೂತ್ರ ಮೇಲಿಂದ ಮೇಲೆ ಬರುತ್ತಿದ್ದು, ಬರೆದುಕೊಟ್ಟ ಮಾತ್ರೆ ನಾಟದಿದ್ದರೆ, ಇನ್ನೊಂದು ಮಾತ್ರೆ ಬದಲಿಸುವ ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ. ವರದಿ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿ ಅದರಲ್ಲಿರುತ್ತದೆ. ಆ ಕಾಗದವನ್ನು ಜೋಪಾನವಾಗಿಟ್ಟುಕೊಂಡು ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ತೆಗೆದುಕೊಂಡು ಹೋಗಿ.