2006ರ ಬರೋಲೋ ತೆರೆದ ಸಂಜೆ: ನನ್ನ ಅನುಭವ

ಹಳೆಯ ರೆಡ್ ವೈನ್ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ವರ್ಷ ಇಡಬೇಕು ಅಂತ. ತೆರೆಯುವ ದಿನ ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಳುವವರು ಕಡಿಮೆ. ವರ್ಷಗಟ್ಟಲೆ ಕಾಪಾಡಿದ ಬಾಟಲಿಯನ್ನು ಅರ್ಧ ಗಂಟೆಯಲ್ಲಿ ಕುಡಿದು ಮುಗಿಸಿದರೆ ಅದರಲ್ಲಿದ್ದದ್ದು ಅರ್ಧವೂ ಸಿಗುವುದಿಲ್ಲ. ಈಚೆಗೆ ನಮ್ಮ ನೆಲಮಾಳಿಗೆಯಿಂದ 2006ರ, ಅಂದರೆ ಆ ವರ್ಷ ಕೊಯ್ದ ದ್ರಾಕ್ಷಿಯ, ಬರೋಲೋ ಒಂದನ್ನು ಮೇಲೆ ತಂದೆ. ಅದನ್ನು ಹೇಗೆ ತೆರೆದೆ, ಏನು ಸಿಕ್ಕಿತು ಅಂತ ಹೇಳುತ್ತೇನೆ.

ಬರೋಲೋ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ವೈನ್. ಆಲ್ಬಾ ಪಟ್ಟಣದ ಹತ್ತಿರದ ಲಾಂಗೆ ಗುಡ್ಡಗಳಲ್ಲಿ ಬೆಳೆಯುವ ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾತ್ರ ಮಾಡುತ್ತಾರೆ, ಬೇರೆ ತಳಿ ಬೆರೆಸುವಂತಿಲ್ಲ. ಈಗಿನ ನಿಯಮದ ಪ್ರಕಾರ 38 ತಿಂಗಳು ಹಳೆಯದಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ನನ್ನದು ಫಾಂಟನಫ್ರೆಡ್ಡಾ ಅವರ ಬಾಟಲಿ, ಸೆರಲುಂಗಾ ಊರಿನ ಹಣ್ಣಿನದು. 1858ರಲ್ಲಿ ದೊರೆ ಎರಡನೆಯ ವಿತ್ತೋರಿಯೋ ಎಮಾನ್ಯುಯೆಲೆ ಕೊಂಡ ಎಸ್ಟೇಟ್ ಅದು. ಬರೋಲೋ ಸೀಮೆಯ ಪೂರ್ವಕ್ಕಿರುವ ಸೆರಲುಂಗಾದ ವೈನ್ ಗಟ್ಟಿ, ಪಳಗಲು ಟೈಮ್ ಬೇಕು. ಪಶ್ಚಿಮದ ಲಾ ಮೊರ್ರಾದ್ದು ಸ್ವಲ್ಪ ಮೃದು, ಬೇಗ ಕುಡಿಯಬಹುದು. 2006 ಬೇರೆ ಒಗರು ಜಾಸ್ತಿ ಇದ್ದ ವರ್ಷ. ಹಾಗಾಗಿಯೇ ಇಷ್ಟು ದಿನ ಮುಟ್ಟಿರಲಿಲ್ಲ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಒಂದೊಂದು ಮನೆಗೂ ನೆಲದಡಿಯಲ್ಲಿ ಒಂದು ಸಣ್ಣ ಕೋಣೆ ಕೊಡುತ್ತಾರೆ. ಅಕ್ಕಪಕ್ಕದವರು ಸೈಕಲ್ಲು, ಆಲೂಗಡ್ಡೆ ಇಟ್ಟಿದ್ದಾರೆ, ನಾನು ವೈನ್ ಇಟ್ಟಿದ್ದೇನೆ. ಚಳಿಗಾಲದಲ್ಲಿ 11 ಡಿಗ್ರಿ, ಬೇಸಿಗೆಯಲ್ಲಿ 17ರವರೆಗೆ ಹೋಗುತ್ತದೆ. ಪುಸ್ತಕದಲ್ಲಿ ಹೇಳುವ 12-13 ಡಿಗ್ರಿ ಸದಾ ಇರುವುದಿಲ್ಲ ನಿಜ, ಆದರೆ ಏರಿಳಿತ ನಿಧಾನವಾಗಿ ಆಗುತ್ತದೆ, ಅದು ಮುಖ್ಯ. ಬಾಟಲಿಗಳನ್ನು ಮಲಗಿಸಿಯೇ ಇಡುತ್ತೇನೆ, ಕಾರ್ಕ್ ಒಣಗಬಾರದು. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಬೇಕೆಂದರೆ ವೈನ್ ಫ್ರಿಜ್ ಬೇಕೇ ಬೇಕು. ಅಡುಗೆಮನೆಯ ಅಟ್ಟದ ಮೇಲೆ ಇಟ್ಟರೆ ಒಂದೆರಡು ಬೇಸಿಗೆಯಲ್ಲೇ ವೈನ್ ಬೆಂದ ಹಾಗಾಗುತ್ತದೆ.

ಎರಡು ದಿನ ಮುಂಚೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದೆ. ಹಳೆಯ ರೆಡ್ ವೈನಿನಲ್ಲಿ ಗಷ್ಟು ಇರುತ್ತದೆ. ವೈನಿಗೆ ಒಗರು ಕೊಡುವುದು ಟ್ಯಾನಿನ್. ಅದು ವರ್ಷ ಕಳೆದಂತೆ ಬಣ್ಣದ ಅಂಶದ ಜೊತೆ ಕೂಡಿಕೊಂಡು, ಭಾರವಾಗಿ, ತಳಕ್ಕೆ ಇಳಿಯುತ್ತದೆ. ಬಣ್ಣ ತಿಳಿಯಾಗುವುದೂ ಒಗರು ಕಡಿಮೆಯಾಗುವುದೂ ಇದರಿಂದಲೇ. ಗಷ್ಟಿನಿಂದ ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಆದರೆ ಕಹಿ, ನಾಲಿಗೆಗೆ ಮರಳಿನ ಹಾಗೆ ಸಿಗುತ್ತದೆ. ನಿಲ್ಲಿಸಿದ ಮೇಲೆ ಟಾರ್ಚ್ ಹಿಡಿದು ಕತ್ತಿನ ಒಳಗೆ ವೈನ್ ಎಲ್ಲಿಯವರೆಗಿದೆ ನೋಡಿದೆ. ಕತ್ತಿನ ಬುಡಕ್ಕಿಂತ ಮೇಲೇ ಇತ್ತು. ಅದು ಹೆಗಲಿನವರೆಗೆ ಇಳಿದಿದ್ದರೆ ಕಾರ್ಕ್ ಮೂಲಕ ಗಾಳಿ ಹೋಗಿದೆ ಅಂತ ಅನುಮಾನ ಪಡಬೇಕು.

ಕಾರ್ಕ್ ತೆಗೆಯುವುದು ನನಗೆ ತುಂಬಾ ಇಷ್ಟದ ಕೆಲಸ. ಇಷ್ಟು ಹಳೆಯ ಕಾರ್ಕಿಗೆ ತಿರುಪು ಹಾಕಿದರೆ ನಡುವೆ ಮುರಿಯಬಹುದು. ಎರಡು ತೆಳು ಅಲಗಿನ ಓಪನರ್ ಸಿಗುತ್ತದೆ, ಅದನ್ನೇ ಬಳಸುತ್ತೇನೆ. ಉದ್ದನೆಯ ಅಲಗನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ತೂರಿಸಬೇಕು, ಆಮೇಲೆ ಗಿಡ್ಡದ್ದನ್ನು. ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಪೂರ್ತಿ ಒಳಗೆ ಇಳಿಸಿ, ನಿಧಾನವಾಗಿ ತಿರುಗಿಸುತ್ತಾ ಮೇಲೆತ್ತಬೇಕು. ಕಾರ್ಕ್ ಇಡಿಯಾಗಿ ಬಂತು. ಕೆಳಗಿನ ಕಾಲು ಭಾಗ ಮಾತ್ರ ಕಪ್ಪುಗೆಂಪಾಗಿ ನೆಂದಿತ್ತು, ಮೇಲಿನದು ಒಣಗಿತ್ತು. ಮೂಸಿ ನೋಡಿದೆ. ನೆಂದ ರಟ್ಟಿನ ವಾಸನೆ ಬಂದರೆ ಕಾರ್ಕಿನ ದೋಷ, ಎಷ್ಟು ಗಾಳಿ ಆಡಿಸಿದರೂ ಅದು ಹೋಗುವುದಿಲ್ಲ. ಇದರಲ್ಲಿ ಅದಿರಲಿಲ್ಲ.

ಡಿಕ್ಯಾಂಟರಿಗೆ (ವೈನಿಗೆ ಗಾಳಿ ತಾಗಲೆಂದು ಸುರಿದಿಡುವ ಗಾಜಿನ ಹೂಜಿ) ಸುರಿಯಬೇಕೋ ಬೇಡವೋ ಅನ್ನುವುದನ್ನು ಮೊದಲೇ ನಿರ್ಧರಿಸುವುದಿಲ್ಲ. ಒಂದು ಗುಟುಕು ರುಚಿ ನೋಡಿ ತೀರ್ಮಾನಿಸುತ್ತೇನೆ. ಮೂವತ್ತು ನಲವತ್ತು ವರ್ಷದ ನಾಜೂಕು ವೈನಾದರೆ ನೇರ ಗ್ಲಾಸಿಗೇ, ಯಾಕೆಂದರೆ ಅದರಲ್ಲಿ ಉಳಿದಿರುವ ಪರಿಮಳ ಗಾಳಿಗೆ ಬೇಗ ಹಾರಿಹೋಗುತ್ತದೆ. ಈ ಬರೋಲೋ ಬಾಯಿಗೆ ಇಟ್ಟರೆ ಬಿಗಿಯಾಗಿತ್ತು, ಮೂಗಿಗೆ ಏನೂ ಬಿಟ್ಟುಕೊಡುತ್ತಿರಲಿಲ್ಲ. ಸರಿ, ಸುರಿಯೋಣ ಅಂದುಕೊಂಡೆ. ಕತ್ತಿನ ಕೆಳಗೆ ಟಾರ್ಚ್ ಇಟ್ಟು, ಒಂದೇ ಸಮನೆ ಸಣ್ಣ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಸುರಿದೆ. ಮಸಿಯಂಥ ಎಳೆಯೊಂದು ಕತ್ತಿನತ್ತ ಜಾರಿ ಬಂದ ತಕ್ಷಣ ಕೈ ತಡೆದೆ. ತಳದಲ್ಲಿ ಎರಡು ಬೆರಳಿನಷ್ಟು ಉಳಿಯಿತು.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದರೆ ನಡುವೆ ತಿಳಿ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಊಟಕ್ಕೆ ಬಂದಿದ್ದ ಗೆಳೆಯರು "ಬಣ್ಣ ಇಷ್ಟು ತೆಳು, ಕೆಟ್ಟಿಲ್ಲ ಅಲ್ವಾ?" ಅಂದರು. ನೆಬ್ಬಿಯೋಲೋ ಹೊಸದಿದ್ದಾಗಲೂ ಗಾಢ ಇರುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿ ಕಳೆಗುಂದಿದ್ದರೆ ಮಾತ್ರ ಚಿಂತೆ.

ಮೊದಲ ಒಂದು ಗಂಟೆ ಹುಳಿ ಮತ್ತು ಒಗರು, ಅಷ್ಟೇ. ಹಸಿ ಅಡಿಕೆ ಅಗಿದ ಹಾಗೆ ಒಸಡು ಹಿಡಿದುಕೊಳ್ಳುತ್ತಿತ್ತು. ಇಂಥ ಹೊತ್ತಿನಲ್ಲೇ ಜನ ಕೈಬಿಡುತ್ತಾರೆ. ಗ್ಲಾಸನ್ನು ಸುಮ್ನೆ ಗಿರಗಿರ ತಿರುಗಿಸುವುದೂ ಬೇಡ, ಅದರ ಪಾಡಿಗೆ ಬಿಡಬೇಕು. ಇನ್ನೊಂದಿಷ್ಟು ಹೊತ್ತಾದ ಮೇಲೆ ನನ್ನ ಹೆಂಡತಿ ಗ್ಲಾಸು ಮೂಸಿ, "ರೀ, ಇದು ಗುಲ್ಕನ್!" ಅಂದಳು. ಸರಿಯಾಗಿ ಹೇಳಿದಳು. ಒಣ ಗುಲಾಬಿ ಮತ್ತು ಡಾಂಬರು ಬರೋಲೋದ ಗುರುತು ಅಂತಲೇ ಹೇಳುತ್ತಾರೆ. ಗುಲಾಬಿ ಮೊದಲು ಬಂತು. ಡಾಂಬರು ತಡವಾಗಿ, ಸ್ವಲ್ಪ ಜ್ಯೇಷ್ಠಮಧುವಿನ ಜೊತೆ ಬಂತು. ಮೂರನೆಯ ಗಂಟೆಯ ಹೊತ್ತಿಗೆ ಒಣ ಎಲೆ, ಅಣಬೆ, ಹಳೆಯ ಚರ್ಮ. ಒಗರು ಹೋಗಿರಲಿಲ್ಲ, ಆದರೆ ಚುಚ್ಚುವುದನ್ನು ಬಿಟ್ಟು ನಾಲಿಗೆಯ ಮೇಲೆ ನಯವಾಗಿ ಹರಡುತ್ತಿತ್ತು. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಗುಲಾಬಿ ಇತ್ತು. ಹೊಸ ವೈನಿನಲ್ಲಿ ಸಿಗುವ ಚೆರ್ರಿ ಹಣ್ಣಿನ ರಸ ಮಾತ್ರ ಬಹುಪಾಲು ಕಳೆದಿತ್ತು. ಹಣ್ಣೇ ಬೇಕು ಅನ್ನುವವರು ಬರೋಲೋವನ್ನು ಇಷ್ಟು ವರ್ಷ ಇಡಬೇಕಾಗಿಲ್ಲ. ನನಗಂತೂ ಈ ಬದಲಾವಣೆಯೇ ಇಷ್ಟ.

ಊಟದ ವಿಷಯ ನಮ್ಮವರಿಗೆ ಹೇಳಲೇಬೇಕು. ಮೆಣಸಿನಕಾಯಿಯ ಖಾರ ಈ ವೈನಿನ ಜೊತೆ ಹೊಂದುವುದಿಲ್ಲ. ಖಾರ ತಿಂದ ಬಾಯಿಗೆ ಒಗರೂ ಆಲ್ಕೋಹಾಲೂ ಉರಿಯಾಗಿ ತಾಗುತ್ತವೆ, ಪರಿಮಳ ಗೊತ್ತೇ ಆಗುವುದಿಲ್ಲ. ನಾನು ಅಣಬೆಯನ್ನು ತುಪ್ಪದಲ್ಲಿ ಹುರಿದು, ಬೆಳ್ಳುಳ್ಳಿ, ಚೂರೇ ಚೂರು ಕಾಳುಮೆಣಸು ಹಾಕಿ ಅನ್ನಕ್ಕೆ ಕಲಸಿದ್ದೆ. ತುಪ್ಪದ ಜಿಡ್ಡಿಗೆ ಒಗರು ತಗ್ಗಿತು, ಅಣಬೆಗೆ ಅಣಬೆಯ ವಾಸನೆ ಜೊತೆಯಾಯಿತು. ಗೆಳೆಯರು ತಂದಿದ್ದ ಚಿಕನ್ ಸುಕ್ಕಾವನ್ನು ವೈನ್ ಮುಗಿದ ಮೇಲೆಯೇ ತಿಂದೆವು.

ಹಳೆಯ ವೈನನ್ನು ನಾಳೆಗೆ ಅಂತ ಎತ್ತಿಡಬೇಡಿ, ಫ್ರಿಜ್ಜಿನಲ್ಲಿಟ್ಟರೂ ಮರುದಿನ ಸಪ್ಪೆ. ಇದೇ ಕೇಸಿನ ಬಾಟಲಿಗಳು ಇನ್ನೂ ಇವೆ. ಇಂಥ ವೈನನ್ನು ಒಂದೇ ಬಾಟಲಿ ಕೊಂಡರೆ ಅದು ಯಾವ ಹಂತದಲ್ಲಿದೆ ಅಂತ ತಿಳಿಯುವ ದಾರಿಯೇ ಇಲ್ಲ, ಆದ್ದರಿಂದ ಕೈಲಾದರೆ ಮೂರಾದರೂ ಒಟ್ಟಿಗೆ ತೆಗೆದುಕೊಳ್ಳಿ. ಹುಳಿ ಇನ್ನೂ ಗಟ್ಟಿಯಾಗಿದೆ, ಒಗರೂ ಇದೆ, ಹಾಗಾಗಿ ಉಳಿದ 2006ಕ್ಕೆ ಇನ್ನೂ ಐದಾರು ವರ್ಷ ಅವಸರವಿಲ್ಲ. ಯುರೋಪ್ ಪೂರ್ತಿ ಬಿಸಿಲಿಗೆ ಬೆಂದ 2003ರ ಬಾಟಲಿ ಯಾರ ಹತ್ತಿರವಾದರೂ ಇದ್ದರೆ, ಅದು ಇಷ್ಟು ಕಾಲ ತಾಳುವ ವೈನಲ್ಲ, ಅದನ್ನು ಮೊದಲು ತೆರೆಯಿರಿ.